ಎತ್ತರದ ಗಾಡಿ, ತಳದ ಲೆಕ್ಕ

ಹೋದ ಮಳೆಗಾಲದ ಒಂದು ಶನಿವಾರ ನನ್ನ ಶೆಡ್ಡಿನ ಮುಂದೆ ಎರಡು ಗಾಡಿ ಅಕ್ಕಪಕ್ಕ ನಿಂತಿದ್ದವು. ಒಂದು ಸಕಲೇಶಪುರ ಕಡೆಯ ಕಾಫಿ ತೋಟದ ಹಳೇ ಮಹೀಂದ್ರ ಜೀಪು. 6.00-16 ಅಳತೆಯ ಸಣಕಲು ಟೈರು, ಕೆಸರು ಮೆತ್ತಿದ ಟಾರ್ಪಾಲು. ಇನ್ನೊಂದು ಬೆಂಗಳೂರಿನ ಹುಡುಗನೊಬ್ಬನ ಮಾರುತಿ ಜಿಮ್ನಿ. ಎರಡು ಇಂಚು ಎತ್ತರಿಸಿದ್ದರು. ಹಲ್ಲುಹಲ್ಲಾದ ದಪ್ಪ ಟೈರುಗಳು ಮಡ್‌ಗಾರ್ಡಿನಿಂದ ಆಚೆಗೆ ಇಣುಕುತ್ತಿದ್ದವು.

ಜೀಪಿನ ಯಜಮಾನರಿಗೆ ಎಪ್ಪತ್ತು ದಾಟಿರಬೇಕು. ಜಿಮ್ನಿಗೆ ಒಂದು ಸುತ್ತು ಹಾಕಿ ಬಂದು, "ಇದೇನಪ್ಪ, ಗಾಡಿಯೋ, ಹಂದಿ ಕಾಯೋ ಅಟ್ಟಣಿಗೆಯೋ?" ಅಂದರು. ಹುಡುಗನೂ ಬಿಡಲಿಲ್ಲ. "ನೀವು ಜೀಪಿಗೆ ಸೈಕಲ್ ಟೈರು ಹಾಕ್ಸಿದೀರಲ್ಲ ಅಂಕಲ್" ಅಂದ. ಇಬ್ಬರೂ ನಕ್ಕರು. ಆಮೇಲೆ ಇಬ್ಬರೂ ನನ್ನ ಮುಖ ನೋಡಿದರು, ಯಾರು ಸರಿ ಹೇಳು ಅನ್ನೋ ಹಾಗೆ.

ಹಾಸನದಲ್ಲಿ ವೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್ ಕೆಲಸ ಮಾಡುತ್ತಾ ಇಪ್ಪತ್ತೈದು ವರ್ಷ ಆಯಿತು. ಬೆಂಗಳೂರು–ಮಂಗಳೂರು ಹೆದ್ದಾರಿ ಪಕ್ಕದಲ್ಲೇ ಇರೋದರಿಂದ ತೋಟದವರೂ ಬರುತ್ತಾರೆ, ವೀಕೆಂಡಿನವರೂ ಬರುತ್ತಾರೆ. ಚಂದ ಯಾವುದು ಅನ್ನೋ ಪಂಚಾಯ್ತಿಗೆ ನಾನು ಹೋಗೋದಿಲ್ಲ. ನನ್ನ ಕಣ್ಣಿಗೆ ಕಪ್ಪು ಸ್ಟೀಲ್ ರಿಮ್ಮೇ ಚಂದ. ಅದನ್ನು ಹೇಳಿದರೆ ನನ್ನ ಅಂಗಡಿಯ ಹುಡುಗರೇ ನಗುತ್ತಾರೆ. ಹಾಗಾಗಿ ನಾನು ಮೇಲೆ ನೋಡೋದೇ ಕಡಿಮೆ. ಗಾಡಿಯನ್ನು ಲಿಫ್ಟಿಗೆ ಹತ್ತಿಸಿ ತಳ ನೋಡುತ್ತೇನೆ. ಶೋಕಿ ಮಾಡಿದವನು ಕಣ್ಣಿಗೆ ಕಾಣದ ಜಾಗಕ್ಕೂ ದುಡ್ಡು ಹಾಕಿದ್ದಾನಾ? ನನಗೆ ಬೇಕಾದ್ದು ಅಷ್ಟೇ.

ಯಜಮಾನರ ಸಣಕಲು ಟೈರಿಗೆ ಕಾರಣ ಇದೆ. ತೋಟದ ದಾರಿಯಲ್ಲಿ ಮೇಲೆ ಅರ್ಧ ಅಡಿ ಕೆಸರು, ಅದರ ಕೆಳಗೆ ಗಟ್ಟಿ ನೆಲ. ಕಿರಿದಾದ ಟೈರು ಕೆಸರನ್ನು ಸೀಳಿಕೊಂಡು ಇಳಿದು ಆ ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಮೇಲ್ಮೇಲೆ ಜಾರುತ್ತದೆ. ಆದರೆ ಸಮುದ್ರದಂಡೆಯ ಮರಳಿಗೆ ಬನ್ನಿ, ಲೆಕ್ಕ ಉಲ್ಟಾ. ಅಲ್ಲಿ ಕೆಳಗೆ ಹಿಡಿಯೋಕೆ ಗಟ್ಟಿ ನೆಲವೇ ಸಿಗೋದಿಲ್ಲ. ಕಿರಿದಾದ ಟೈರು ಹೂತುಕೊಳ್ಳುತ್ತದೆ, ಅಗಲದ್ದು ತೇಲುತ್ತದೆ.

ಇದರ ತುದಿ ನೋಡಬೇಕಂದ್ರೆ ಐಸ್‌ಲ್ಯಾಂಡಿಗೆ ಹೋಗಬೇಕು. ಅಲ್ಲಿನವರು ಟೊಯೋಟ ಹೈಲಕ್ಸ್‌ನಂಥ ಗಾಡಿಗೆ 38, 44 ಇಂಚಿನ ಟೈರು ಕೂರಿಸುತ್ತಾರೆ. ನೋಡಿದರೆ ಆಟದ ಸಾಮಾನಿನ ಹಾಗಿರುತ್ತದೆ. ಆದರೆ ಹಿಮದ ಮೇಲೆ ಹೋಗುವಾಗ ಗಾಳಿಯನ್ನು 2-3 ಪಿಎಸ್‌ಐವರೆಗೂ ಇಳಿಸುತ್ತಾರೆ. ನಮ್ಮ ಕಾರುಗಳಿಗೆ 30ರ ಆಸುಪಾಸು ಹಾಕುತ್ತೇವಲ್ಲ, ಅದರ ಹತ್ತನೇ ಒಂದು ಪಾಲು! ಟೈರು ಚಪ್ಪಟೆಯಾಗಿ ಒಂಟೆಯ ಪಾದದ ಹಾಗೆ ಹರಡಿಕೊಳ್ಳುತ್ತದೆ, ಗಾಡಿ ಹಿಮದಲ್ಲಿ ಮುಳುಗದೆ ಹೋಗುತ್ತದೆ. ಆ ದೊಡ್ಡ ಟೈರು ಅಲ್ಲಿ ಕೆಲಸದ ಸಾಮಾನು.

ದೊಡ್ಡ ಟೈರು ಬೇರೆ, ದೊಡ್ಡ ರಿಮ್ಮು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿರುತ್ತಾರೆ. ಐಸ್‌ಲ್ಯಾಂಡಿನವರದ್ದು ರಿಮ್ಮು ಚಿಕ್ಕದು, ರಬ್ಬರ್ ಜಾಸ್ತಿ. 20 ಇಂಚಿನ ಅಲಾಯ್ ಹಾಕಿಸಿಕೊಂಡು ಬರುವವರದ್ದು ರಿಮ್ಮು ದೊಡ್ಡದು, ರಬ್ಬರ್ ತೆಳ್ಳಗೆ. ಗುಂಡಿಗೆ ಬಿದ್ದಾಗ ಮೊದಲ ಪೆಟ್ಟು ತಿನ್ನೋದು ಟೈರಿನ ಪಕ್ಕದ ಗೋಡೆ. ಅದು ತೆಳ್ಳಗಿದ್ದರೆ ಪೆಟ್ಟು ನೇರ ರಿಮ್ಮಿಗೆ. ಮಳೆ ಶುರುವಾಗಿ ಶಿರಾಡಿ ಘಾಟಿ ದಾರಿ ಕಿತ್ತುಹೋಯಿತು ಅಂದರೆ ಬೆಂಡಾದ, ಸೀಳು ಬಿಟ್ಟ ಅಲಾಯ್‌ಗಳು ನನ್ನ ಅಂಗಡಿ ಮೂಲೆಯಲ್ಲಿ ಸಾಲಾಗಿ ಕೂರುತ್ತವೆ.

ಆ ದೊಡ್ಡ ರಿಮ್ಮಿನ ಶೋಕಿಗೂ ಒಂದು ತವರೂರು ಇದೆ. ಅಮೆರಿಕದ ದಕ್ಷಿಣ ಫ್ಲಾರಿಡಾದಲ್ಲಿ, ಮಯಾಮಿ ಕಡೆ, ಕಪ್ಪು ಜನಾಂಗದ ಹುಡುಗರು ಬೆಳೆಸಿದ 'ಡಾಂಕ್' ಗಾಡಿಗಳು. ಡಾಂಕ್ ಅಂದರೆ ಲೆಕ್ಕಕ್ಕೆ 1971ರಿಂದ 1976ರವರೆಗಿನ ಶೆವ್ರೊಲೆ ಇಂಪಾಲಾ, ಕ್ಯಾಪ್ರಿಸ್. ಇಂಪಾಲಾ ಅಂದರೆ ಆಫ್ರಿಕಾದ ಜಿಂಕೆ. ಕಾರಿನ ಮೇಲೆ ಜಿಗಿಯುವ ಜಿಂಕೆಯ ಗುರುತು ಇತ್ತು. ಅದು ಜನರ ಕಣ್ಣಿಗೆ ಕತ್ತೆಯ ಹಾಗೆ ಕಂಡು ಈ ಹೆಸರು ಬಿತ್ತು ಅಂತ ಹೇಳುತ್ತಾರೆ. ಕಾರಿನ ಮೂಲ ಚಕ್ರ 15 ಇಂಚು ರಿಮ್ಮಿನದು. ಟೈರು ಸೇರಿಸಿದರೂ ಎತ್ತರ ಸುಮಾರು 28 ಇಂಚು. ಈಗ ರಿಮ್ಮೇ 26, 28, 30 ಇಂಚು! ಮೊದಲು ಇಡೀ ಚಕ್ರ ಎಷ್ಟಿತ್ತೋ ಅಷ್ಟು ದೊಡ್ಡ ಬರೀ ಲೋಹ. ಮೇಲೆ ಮಿಠಾಯಿ ಬಣ್ಣ, ಒಳಗೆ ಬಣ್ಣಕ್ಕೆ ಹೊಂದುವ ಸೀಟು. ಅಮೆರಿಕದಲ್ಲೇ ಹಳೇ ಕಾರು ಪ್ರೀತಿಸುವ ಎಷ್ಟೋ ಜನ ಇದನ್ನು ನೋಡಿ ಹಲ್ಲು ಕಡಿಯುತ್ತಾರೆ. ಒಳ್ಳೇ ಕಾರು ಹಾಳು ಮಾಡಿದರು ಅಂತ.

ನನಗೂ ಮೊದಲು ನಗು ಬಂದಿತ್ತು. ಆಮೇಲೆ ಒಬ್ಬ ಗಿರಾಕಿ ಫೋನಿನಲ್ಲಿ ಅಂಥ ಕಾರು ಕಟ್ಟುವ ವಿಡಿಯೋ ತೋರಿಸಿದ. ಚಕ್ರ ತಾಗದ ಹಾಗೆ ಮಡ್‌ಗಾರ್ಡಿನ ಒಳಗೆ ಕತ್ತರಿಸಿ ಮತ್ತೆ ಬೆಸೆದಿದ್ದರು. ಸಸ್ಪೆನ್ಷನ್ ತೋಳುಗಳನ್ನು ಹೊಸದಾಗಿ ಮಾಡಿದ್ದರು. ಬ್ರೇಕ್ ಡಿಸ್ಕ್ ಅನ್ನದ ತಟ್ಟೆಗಿಂತ ದೊಡ್ಡದು. ಎಂಜಿನ್, ಹಿಂದಿನ ಆಕ್ಸಲ್ಲಿನ ಗೇರುಗಳಿರುವ ಹೌಸಿಂಗ್ ಎಲ್ಲಾ ಬದಲು. ಡಾಂಕ್‌ಗಳಿಗೇ ಅಂತ ಡ್ರ್ಯಾಗ್ ರೇಸ್ ಕೂಡ ನಡೆಯುತ್ತವೆ. ಆ ಬಣ್ಣ ನನಗೆ ಇವತ್ತಿಗೂ ಹಿಡಿಸೋದಿಲ್ಲ. ಆದರೆ ತಳ ನೋಡಿ ಕೈ ಮುಗಿಯಬೇಕು ಅನ್ನಿಸಿತು. ನಾಲ್ಕು ಸ್ಪೇಸರ್ ತಿರುಪಿ ಟೈರು ಆಚೆ ತಳ್ಳಿಕೊಂಡು ಬಂದು "ಫುಲ್ ಬಿಲ್ಡ್ ಅಣ್ಣ" ಅನ್ನುವ ನಮ್ಮ ಹುಡುಗರಿಗಿಂತ ಅವರು ಎಷ್ಟೋ ಮೇಲು.

ಸರಿ, ನಮ್ಮ ಗಾಡಿಯ ಲೆಕ್ಕಕ್ಕೆ ಬರೋಣ. ಪೆನ್ನು, ಪೇಪರ್ ಸಾಕು. 2020ರಲ್ಲಿ ಬಂದ ಥಾರ್‌ನ 18 ಇಂಚಿನ ಟೈರಿನ ಮೇಲೆ 255/65 ಆರ್18 ಅಂತ ಇರುತ್ತದೆ. 255 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ನೂರಕ್ಕೆ 65 ಪಾಲು ಪಕ್ಕದ ಗೋಡೆಯ ಎತ್ತರ, ಅಂದರೆ ಸುಮಾರು 166. ಮೇಲೊಂದು ಕೆಳಗೊಂದು, ಎರಡು ಗೋಡೆ. ನಡುವೆ 18 ಇಂಚಿನ ರಿಮ್ಮು, ಅಂದರೆ 457. ಒಟ್ಟು 789 ಮಿ.ಮೀ. ಇದನ್ನು ತೆಗೆದು 285/70 ಆರ್17 ಹಾಕಿಸುತ್ತಾರೆ. ಅದು 831. ವ್ಯತ್ಯಾಸ 42 ಮಿ.ಮೀ. ಆದರೆ ಆಕ್ಸಲ್ ಇರೋದು ಚಕ್ರದ ನಡುವೆ ಅಲ್ವಾ? ಹಾಗಾಗಿ ಗಾಡಿ ಮೇಲೇರೋದು ಅದರ ಅರ್ಧ, 21 ಮಿ.ಮೀ. ಹೆಬ್ಬೆರಳಿನ ಅಗಲ.

ಅಷ್ಟಕ್ಕೆ ಕೊಟ್ಟ ಬೆಲೆ ಏನು? ಚಕ್ರ ನೂರಕ್ಕೆ ಐದು ಪಾಲು ದೊಡ್ಡದಾಯಿತು. ಮೊದಲು 100ರ ವೇಗದಲ್ಲಿ ಮೀಟರ್ ಏನು ತೋರಿಸುತ್ತಿತ್ತೋ ಈಗ 105ರಲ್ಲಿ ಅದನ್ನೇ ತೋರಿಸುತ್ತದೆ. ಬ್ರೇಕಿಗೆ ಅಷ್ಟೇ ತುಳಿದರೆ ಹಿಡಿತ ಐದು ಪಾಲು ಕಡಿಮೆ, ಟೈರಿನ ತೂಕ ಬೇರೆ ಜಾಸ್ತಿ. ಘಾಟಿ ಹತ್ತುವಾಗ ಮೂರನೇ ಗೇರಿನಲ್ಲಿ ಹೋಗುತ್ತಿದ್ದ ಜಾಗದಲ್ಲಿ ಎರಡಕ್ಕೆ ಇಳಿಸಬೇಕು. ಐದು ಪಾಲು ಅಂದರೆ ಇನ್ನೂ ಸಂಭಾಳಿಸಬಹುದು. ಇದನ್ನೇ ಹತ್ತು, ಹದಿನೈದು ಪಾಲಿಗೆ ಏರಿಸಿ ಬ್ರೇಕು ಮುಟ್ಟದೆ ಬಿಟ್ಟವರನ್ನು ಕಂಡರೆ ನನಗೆ ಭಯ.

ಇನ್ನು ಸ್ಪ್ರಿಂಗ್ ಎತ್ತರಿಸೋದು. ಇಲ್ಲೊಂದು ತಮಾಷೆ ಇದೆ. ಇಡೀ ಆಕ್ಸಲ್ ಇರುವ ಗಾಡಿಯಲ್ಲಿ, ಅಂದರೆ ಹಳೇ ಜೀಪು, ಜಿಮ್ನಿ ಥರದ್ದರಲ್ಲಿ, ಸ್ಪ್ರಿಂಗ್ ಎತ್ತರಿಸಿದರೆ ಮೇಲೇರೋದು ಬಾಡಿ ಮಾತ್ರ. ಕಲ್ಲಿಗೆ ತಾಗುವ ಹೌಸಿಂಗ್ ಇದ್ದಲ್ಲೇ ಇರುತ್ತದೆ. ಅದನ್ನು ಎತ್ತೋಕೆ ಟೈರೇ ದೊಡ್ಡದಾಗಬೇಕು. ಸ್ಪ್ರಿಂಗಿನ ಎತ್ತರ ಬೇಕಾಗೋದು ಆ ಟೈರಿಗೆ ಜಾಗ ಮಾಡೋಕೆ, ಮತ್ತೆ ಬಂಪರ್ ದಿಣ್ಣೆಗೆ ತಾಗದೆ ಹತ್ತೋಕೆ. ಸುಮ್ನೆ ಸ್ಪ್ರಿಂಗ್ ಎತ್ತರಿಸಿಕೊಂಡು ಬಂದವರಿಗೆ ಇದನ್ನು ತೋರಿಸಿದರೆ ಬಗ್ಗಿ ನೋಡಿ ಪೆಚ್ಚಾಗುತ್ತಾರೆ.

ಶನಿವಾರದ ಹುಡುಗ ಬಂದಿದ್ದೇ ಇಂಥ ಕೆಲಸಕ್ಕೆ. "ಅಣ್ಣ, ಎಂಬತ್ತರಲ್ಲಿ ಹೋಗ್ತಿದ್ದೆ. ಸೇತುವೆ ಜಾಯಿಂಟ್ ಮೇಲೆ ಹತ್ತಿಳೀತು ನೋಡಿ, ಹ್ಯಾಂಡಲ್ ಗಡಗಡ ಅಂತ ಕುಣಿಯೋಕೆ ಶುರು ಆಯ್ತು. ನಿಲ್ಲಿಸೋವರೆಗೂ ನಿಲ್ಲಲಿಲ್ಲ" ಅಂದ. ಕೈ ಇನ್ನೂ ನಡುಗುತ್ತಿತ್ತು. ಗಾಡಿ ಎತ್ತರಿಸುವ ಲಿಫ್ಟ್ ಕಿಟ್ ಹಾಕಿದ ಅಂಗಡಿಯವರು ವೀಲ್ ಬ್ಯಾಲೆನ್ಸ್ ಮಾಡಿಸಿ ಅಂತ ಹೇಳಿ ಕಳಿಸಿದ್ದರಂತೆ. ಎರಡು ಸಲ ಮಾಡಿಸಿದ್ದ.

ಮೆಷಿನ್ನಿಗೆ ಹತ್ತಿಸಿದೆ. ಕ್ಯಾಸ್ಟರ್ ಕಂಪನಿ ಹೇಳಿದ್ದರ ಅರ್ಧಕ್ಕೂ ಕಡಿಮೆ ಇತ್ತು.

ಕ್ಯಾಸ್ಟರ್ ಅಂದರೆ ಏನು ಅಂತ ತಿಳಿಯೋಕೆ ಸೈಕಲ್ ನೋಡಿ. ಮುಂದಿನ ಫೋರ್ಕ್ ನೆಟ್ಟಗೆ ನಿಂತಿರೋದಿಲ್ಲ. ಅದರ ಮೇಲ್ತುದಿ ಸವಾರನ ಕಡೆಗೆ ವಾಲಿರುತ್ತದೆ. ಆ ವಾಲಿನಿಂದಲೇ ಚಕ್ರ ತಾನಾಗಿ ನೇರಕ್ಕೆ ಬರುತ್ತದೆ, ನಾವು ಕೈ ಬಿಟ್ಟು ಹೊಡೆಯೋಕೆ ಆಗೋದು. ಕಾರಿನ ಮುಂದಿನ ಚಕ್ರಕ್ಕೂ ಅಂಥದೇ ವಾಲು ಕೊಟ್ಟಿರುತ್ತಾರೆ. ಜಿಮ್ನಿಯ ಮುಂದಿನ ಆಕ್ಸಲ್ಲನ್ನು ಎರಡು ಉದ್ದ ತೋಳುಗಳು ಹಿಂದಿನಿಂದ ಹಿಡಿದಿರುತ್ತವೆ. ತೋಳಿನ ಹಿಂದಿನ ತುದಿ ಚಾಸಿಗೆ ಸೇರಿರುತ್ತದೆ. ಚಾಸಿ ಎರಡು ಇಂಚು ಮೇಲೇರಿದರೆ ಆ ತುದಿಯೂ ಏರುತ್ತದೆ, ಆಕ್ಸಲ್ ಮುಂದಕ್ಕೆ ಉರುಳುತ್ತದೆ, ವಾಲು ಕರಗುತ್ತದೆ. ಆಮೇಲೆ ಒಂದು ಸಣ್ಣ ಪೆಟ್ಟು ಬಿದ್ದರೂ ಚಕ್ರಕ್ಕೆ ನೇರಕ್ಕೆ ಮರಳುವ ಬುದ್ಧಿ ಇರೋದಿಲ್ಲ. ಎಡಕ್ಕೆ ಬಲಕ್ಕೆ ಹೊಡೆದುಕೊಳ್ಳುತ್ತದೆ.

ಅವನನ್ನೂ ಕೆಳಗೆ ಕರೆದು ತೋರಿಸಿದೆ. ಚಕ್ರ ಗಾಳಿಯಲ್ಲಿ ಜೋತುಬಿದ್ದಿದ್ದಾಗ ಬ್ರೇಕ್ ಹೋಸ್ ವೀಣೆಯ ತಂತಿಯಂತೆ ಬಿಗಿದಿತ್ತು. ದೊಡ್ಡ ಗುಂಡಿಯಲ್ಲಿ ಚಕ್ರ ಇನ್ನೊಂದು ಸಲ ಪೂರ್ತಿ ಇಳಿದಿದ್ದರೆ ಕಿತ್ತೇ ಬರುತ್ತಿತ್ತೇನೋ. ಆಕ್ಸಲ್ ಕೂಡ ಒಂದು ಪಕ್ಕಕ್ಕೆ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಸರಿದಿತ್ತು. ಅದನ್ನು ಅಡ್ಡಕ್ಕೆ ಹಿಡಿಯುವ ರಾಡಿನ ಉದ್ದ ಬದಲಿಸದೆ ಎತ್ತರಿಸಿದರೆ ಹೀಗೇ ಆಗೋದು. ಯಜಮಾನರೂ ನಮ್ಮ ಹಿಂದೆಯೇ ಬಗ್ಗಿಕೊಂಡು ಬಂದು ಎಲ್ಲಾ ನೋಡಿದರು. ಈ ಸಲ ಏನೂ ಅನ್ನಲಿಲ್ಲ.

ಮದ್ದು ದೊಡ್ಡದೇನಲ್ಲ. ತೋಳಿನ ಕೀಲಿನಲ್ಲಿ ಕೂರುವ ಬುಷ್ ಬೇರೆ ಹಾಕಬೇಕು. ಅದರ ತೂತು ನಟ್ಟನಡುವೆ ಇರೋದಿಲ್ಲ, ಒಂದು ಪಕ್ಕಕ್ಕೆ ಇರುತ್ತದೆ. ಅಷ್ಟರಿಂದಲೇ ಆಕ್ಸಲ್ ಹಿಂದಕ್ಕೆ ವಾಲುತ್ತದೆ. ಉದ್ದದ ಬ್ರೇಕ್ ಹೋಸ್, ಉದ್ದ ಹೊಂದಿಸಿಕೊಳ್ಳುವಂಥ ರಾಡ್. ಮೂರೂ ಸೇರಿ ಅವನ ಒಂದು ಟೈರಿನ ದುಡ್ಡಿಗಿಂತ ಜಾಸ್ತಿ ಆಗಲಿಲ್ಲ. ಅಳವಡಿಸಿದವರು ಮೊದಲೇ ಹೇಳಬೇಕಿತ್ತು. ಕಾಣದ ಸಾಮಾನು ಮಾರೋದು ಕಷ್ಟ ನೋಡಿ.

ಹೊಸ ಥಾರ್‌ನ ಮುಂಭಾಗದ ಕಥೆ ಬೇರೆ. ಅಲ್ಲಿ ಎರಡೂ ಚಕ್ರ ಸ್ವತಂತ್ರ. ಎತ್ತರಿಸಿದಷ್ಟೂ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟಿನ ಓರೆ ಜಾಸ್ತಿಯಾಗುತ್ತದೆ. ಆ ಶಾಫ್ಟಿನ ಕೀಲು, ಅಂದರೆ ಸಿವಿ ಜಾಯಿಂಟಿನ ರಬ್ಬರ್ ಬೂಟ್ ಮೊದಲು ಹರಿಯುತ್ತದೆ, ಆಮೇಲೆ ತಿರುವಿನಲ್ಲಿ ಟಕ್ ಟಕ್ ಶಬ್ದ. ಎರಡು ಇಂಚಿನ ಮೇಲೆ ಕೇಳಿದರೆ ನಾನು ಆಗೋದಿಲ್ಲ ಅಂತೀನಿ.

ಹುಡುಗನನ್ನು ಬೈಯೋಕೆ ನನಗೆ ಬಾಯಿಲ್ಲ. ನನ್ನ ಇಪ್ಪತ್ತನೇ ವಯಸ್ಸಿನಲ್ಲಿ ಅಪ್ಪನ ಜೀಪಿಗೆ ಕದ್ದು ಉದ್ದದ ಶ್ಯಾಕಲ್ ಹಾಕಿಸಿದ್ದೆ. ಲೀಫ್ ಸ್ಪ್ರಿಂಗಿನ ತುದಿ ಹಿಡಿಯುವ ಕೊಂಡಿ ಅದು. ಗಾಡಿ ಎದೆ ಸೆಟೆಸಿ ನಿಂತಿತು. ನನ್ನ ಎದೆಯೂ. ಬಿಸಿಲೆ ಘಾಟಿಯ ಎರಡನೇ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದೆ, ಅದು ವಾಪಸ್ ಬರಲೇ ಇಲ್ಲ. ಎಳೆದು ತರುವಷ್ಟರಲ್ಲಿ ಚರಂಡಿಯಲ್ಲಿದ್ದೆ. ಅದೇ ಕ್ಯಾಸ್ಟರ್. ಹೆಸರು ಮಾತ್ರ ಆಗ ಗೊತ್ತಿರಲಿಲ್ಲ. ಅಪ್ಪ ಏನೂ ಕೇಳಲಿಲ್ಲ. ಹಳೇ ಶ್ಯಾಕಲ್ ತಂದು ಕೈಗೆ ಕೊಟ್ಟು, "ನೀನೇ ಹಾಕು" ಅಂದರು.

ಕಾನೂನಿನ ಮಾತೂ ಹೇಳಬೇಕು, ಗಿರಾಕಿಗಳಿಗೆ ಇಷ್ಟ ಆಗದಿದ್ದರೂ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಗಟ್ಟಿ ಮಾಡಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬದಲಾವಣೆ ಒಂದೊಂದಕ್ಕೂ 5,000 ರೂಪಾಯಿ ದಂಡ ಬಂತು, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ವಿಮೆ ಕ್ಲೇಮಿಗೆ ಹೋದಾಗ ತಕರಾರು ಬೇರೆ. ಇದೇ ಮಾಡೆಲಿನ ಮೇಲಿನ ವೇರಿಯಂಟಿಗೆ ಕಂಪನಿಯೇ ಕೊಡುವ ರಿಮ್ಮು, ಟೈರು ಹಾಕಿಸಿಕೊಳ್ಳಿ ಅಂತ ನಾನು ಹೇಳೋದು ಅದಕ್ಕೇ. ಹೊರದೇಶದಲ್ಲೂ ಎಲ್ಲಾ ಬಿಟ್ಟಿಲ್ಲ. ಮುಂದೆ ಎತ್ತಿ ಹಿಂದೆ ತಗ್ಗಿಸಿ ಆಕಾಶ ನೋಡುವ ಹಾಗೆ ಮಾಡಿದ ಪಿಕಪ್‌ಗಳಿಗೆ ಅಮೆರಿಕದಲ್ಲಿ 'ಕ್ಯಾರೊಲಿನಾ ಸ್ಕ್ವಾಟ್' ಅನ್ನುತ್ತಾರೆ. ಡ್ರೈವರಿಗೆ ಬಾನೆಟ್ಟಿನ ಮುಂದೆ ರಸ್ತೆ ಕಾಣೋದಿಲ್ಲ, ಲೈಟು ಎದುರಿನವರ ಕಣ್ಣಿಗೆ. ನಾರ್ತ್ ಕ್ಯಾರೊಲಿನಾದಲ್ಲಿ 2021ರ ಡಿಸೆಂಬರಿನಿಂದ, ಮುಂದಿನ ಮಡ್‌ಗಾರ್ಡ್ ಹಿಂದಿನದಕ್ಕಿಂತ ನಾಲ್ಕು ಇಂಚು ಎತ್ತರಿಸಿದ್ದರೆ ತಪ್ಪು.

ಇಷ್ಟೆಲ್ಲಾ ಹೇಳಿದ ಮೇಲೂ ಹುಡುಗ ಎತ್ತರ ಇಳಿಸೋಕೆ ಒಪ್ಪಲಿಲ್ಲ. ಆಗಲಿ ಅಂತ ಬುಷ್, ಹೋಸ್, ರಾಡ್ ಮೂರೂ ಹಾಕಿದೆ. ಮೂರು ತಿಂಗಳು ಬಿಟ್ಟು ಟೈರು ಅದಲುಬದಲು ಮಾಡಿಸೋಕೆ ಬಂದ. ಹ್ಯಾಂಡಲ್ ಕಲ್ಲಿನ ಹಾಗೆ ನಿಂತಿದೆ ಅಣ್ಣ, ನೂರರಲ್ಲೂ ಅಲುಗಾಡಲ್ಲ ಅಂದ. ಸ್ಟೆಪ್ನಿಯನ್ನೂ ಸುತ್ತಿಗೆ ಸೇರಿಸೋಣ ಅಂತ ಹಿಂದಿನ ಬಾಗಿಲಿಗೆ ಹೋದೆ. ಹೊಳೆಯುವ ಹೊಸ ಕವರ್, ಅದರ ಮೇಲೆ ಬೆಟ್ಟದ ಚಿತ್ರ. ಕವರ್ ಬಿಚ್ಚಿದೆ. ಒಳಗೆ ಕಂಪನಿಯ ಹಳೇ 195/80 ಆರ್15. ಎಲ್ಲಾದರೂ ಪಂಚರ್ ಆಗಿ ಇದನ್ನು ಹಾಕಿಕೊಂಡು ಫೋರ್ ವೀಲಿನಲ್ಲಿ ಓಡಿಸಿದರೆ ಒಂದು ಚಕ್ರ ಚಿಕ್ಕದು, ಮೂರು ದೊಡ್ಡದು. ಗೇರುಗಳು ಒಂದಕ್ಕೊಂದು ಜಗ್ಗಾಡಿ ಹೌಸಿಂಗೇ ಬಿಚ್ಚಬೇಕಾಗುತ್ತದೆ.

"ಇದೇನೋ?" ಅಂದೆ.

ತಲೆ ಕೆರೆದುಕೊಂಡ. "ಕವರ್ ಹಾಕಿದ್ರೆ ಕಾಣಲ್ಲ ಅಲ್ವಾ ಅಣ್ಣ... ಮುಂದಿನ ತಿಂಗಳು ಹಾಕಿಸ್ತೀನಿ."