ಮಾತಂಗ ಬೆಟ್ಟದಲ್ಲಿ ಸೂರ್ಯನಿಗೆ ಬೆನ್ನು ಹಾಕಿ

ಹಂಪಿಯಲ್ಲಿ ಒಳ್ಳೆ ಫೋಟೋ ತೆಗೆಯುವುದು ಸುಲಭ. ಎಲ್ಲರ ಫೋಟೋ ಥರ ಇರದಂತೆ ತೆಗೆಯುವುದು ಕಷ್ಟ. ಲ್ಯಾಂಡ್‌ಸ್ಕೇಪ್ ಫೋಟೋಗ್ರಫಿ ಕಲಿಯುತ್ತಿರುವ ನಮ್ಮಂಥವರಿಗೆ ಅದಕ್ಕಿಂತ ಒಳ್ಳೆ ಪಾಠಶಾಲೆ ಇಲ್ಲ.

ಮೊದಲ ಸಲ ಹೋದಾಗ ಕತ್ತಲಲ್ಲೇ ಮಾತಂಗ ಬೆಟ್ಟ ಹತ್ತಿದೆ. ಮೇಲೆ ಆಗಲೇ ಟ್ರೈಪಾಡ್‌ಗಳ ಸಾಲು, ಎಲ್ಲವೂ ಪೂರ್ವಕ್ಕೆ. ನಾನೂ ಸಂದಿಯಲ್ಲಿ ತೂರಿಕೊಂಡೆ. ಸಿಕ್ಕಿದ್ದು ಕಿತ್ತಳೆ ಆಕಾಶ, ಕೆಳಗೆ ಕಪ್ಪು ಬಂಡೆ. ನಂದಿಬೆಟ್ಟ ಅಂದಿದ್ದರೂ ಜನ ನಂಬುತ್ತಿದ್ದರು! ಬ್ಯಾಗ್ ತೆಗೆದುಕೊಳ್ಳಲು ತಿರುಗಿದಾಗ ಕಂಡಿತು ವಿರೂಪಾಕ್ಷ ಗೋಪುರ. ಸುಮಾರು 50 ಮೀಟರ್ ಎತ್ತರ, ಮುಖ ಪೂರ್ವಕ್ಕೆ. ಬಿಸಿಲು ಮೊದಲು ತುದಿಗೆ ತಾಗಿ, ಒಂದೊಂದೇ ಅಂತಸ್ತು ಇಳಿಯುತ್ತಿತ್ತು. ಬೀದಿ ಇನ್ನೂ ನೀಲಿ ನೆರಳಲ್ಲೇ ಇತ್ತು. ನಾನು ಲೆನ್ಸ್ ಬದಲಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇಷ್ಟು ಬೇಗ ಯಾಕೆ ಮುಗಿಯುತ್ತದೆ? ಹಂಪಿ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಸೂರ್ಯ ಹೆಚ್ಚುಕಮ್ಮಿ ನೆಟ್ಟಗೆ ಏಳುತ್ತಾನೆ, ಗಂಟೆಗೆ ಸುಮಾರು 14 ಡಿಗ್ರಿ. ಹೊಂಬಿಸಿಲು ಇರುವುದು ಅವನು 6 ಡಿಗ್ರಿ ಏರುವವರೆಗೆ ಅಂತ ಲೆಕ್ಕ. ಅಂದರೆ ಅರ್ಧ ಗಂಟೆಯೂ ಇಲ್ಲ. ಈ ಹೊತ್ತಿಗೆ ಇರುವ 'ಗೋಲ್ಡನ್ ಅವರ್' (ಹೊಂಬಿಸಿಲ ಗಂಟೆ) ಅನ್ನುವ ಹೆಸರು ಯುರೋಪಿನ ಉತ್ತರದವರಿಗೆ ಸರಿ ಇರಬಹುದು, ನಮಗಲ್ಲ. ಆದ್ದರಿಂದ ಫ್ರೇಮ್ ಹುಡುಕುವ ಕೆಲಸ ಹಿಂದಿನ ದಿನ ಮಧ್ಯಾಹ್ನವೇ ಆಗಬೇಕು. ಸುಡುಬಿಸಿಲಲ್ಲಿ, ಕ್ಯಾಮೆರಾ ಇಲ್ಲದೆ, ಸುಮ್ನೆ ಓಡಾಡಿ.

ಸೂರ್ಯ ಹುಟ್ಟುವ ಜಾಗವೂ ಒಂದೇ ಅಲ್ಲ. ಡಿಸೆಂಬರ್ ಕೊನೆಗೆ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಗೆ ಅಷ್ಟೇ ಉತ್ತರಕ್ಕೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಎರಡೂವರೆ ಮುಷ್ಟಿ ಅಳೆದರೆ ಆಯಿತು, ಆ್ಯಪ್ ಬೇಕಾಗಿಲ್ಲ.

ಇನ್ನು ನಿಲ್ಲುವ ಜಾಗ. ಹೊಸ ನೋಟ ಅಂದ್ರೆ ಇನ್ನೂ ಎತ್ತರಕ್ಕೆ ಹತ್ತಬೇಕು ಅಂದುಕೊಳ್ಳುತ್ತೇವೆ, ಅಲ್ವಾ? ನನಗೆ ಸಿಕ್ಕಿದ್ದು ನೆಲದ ಹತ್ತಿರ. ಮಳೆ ನಿಂತ ಮೇಲೆ ಹೇಮಕೂಟ ಗುಡ್ಡದ ಬಂಡೆಯ ತಗ್ಗುಗಳಲ್ಲಿ ಊಟದ ತಟ್ಟೆಯಷ್ಟಗಲ ನೀರು ನಿಂತಿರುತ್ತದೆ. ನಿಂತು ನೋಡಿದರೆ ಅದರಲ್ಲಿ ಬರೀ ಮೋಡ. ಗೋಪುರ ಗುಡ್ಡದ ಉತ್ತರಕ್ಕಿದೆ, ಹಾಗಾಗಿ ನೀರಿನ ದಕ್ಷಿಣಕ್ಕೆ ಮೊಣಕಾಲೂರಿ. ಮೊಬೈಲನ್ನು ತಲೆಕೆಳಗು ಹಿಡಿಯಿರಿ. ಲೆನ್ಸ್ ನೀರಿನಿಂದ ಎರಡು ಬೆರಳಷ್ಟೇ ಮೇಲಿರಲಿ. ನಿಧಾನವಾಗಿ ಹಿಂದೆ ಮುಂದೆ ಸರಿಸಿ. ಒಂದು ಕಡೆ ಗೋಪುರ ಇಡಿಯಾಗಿ ನೀರೊಳಗೆ ಬಂದು ಕೂರುತ್ತದೆ. ಗಾಳಿ ಬೀಸಿದರೆ ಕಾಯಿರಿ.

ಸಮಯ ಅಂದ್ರೆ ಗಡಿಯಾರ ಮಾತ್ರವಲ್ಲ. ಮಳೆಗಾಲದಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಹೊಳೆಗೆ ಜಾಸ್ತಿ ನೀರು ಬಿಟ್ಟಾಗ ಹಂಪಿಯ ಹೊಳೆದಂಡೆಯ ಪುರಂದರ ಮಂಟಪ ಮುಳುಗುತ್ತದೆ. ಕಂಬಗಳು ಅರ್ಧ ಮುಳುಗಿದಾಗಿನ ಚಿತ್ರ ಬೇಸಿಗೆಯಲ್ಲಿ ಎಷ್ಟು ಬೇಗ ಎದ್ದರೂ ಸಿಗುವುದಿಲ್ಲ. ಗೇಟು ತೆರೆದ ಸುದ್ದಿ ಪೇಪರಿನಲ್ಲಿ ಬಂದ ದಿನ ಹೊರಡಿ. ನೀರಿನ ಹತ್ತಿರ ಮಾತ್ರ ಹೋಗಬೇಡಿ, ದೂರದ ಬಂಡೆ ಮೇಲಿಂದ ಟೆಲಿ ಲೆನ್ಸ್ (ದೂರದ್ದನ್ನು ಹತ್ತಿರ ತೋರಿಸುವ ಲೆನ್ಸ್) ಸಾಕು.