ಹಾಸನದ ರೆವಿನ್ಯೂ ಸೈಟು ಬೆಳೆದು ಬಂದ ದಾರಿ

ಸೈಟು ನೋಡಲು ಬರುವವರು ಹಿಂದೆಲ್ಲ ಮೂಡಲ ಮುಖವಾ, ಬೋರ್ ನೀರು ಎಷ್ಟು ಅಡಿಗೆ ಸಿಗುತ್ತೆ ಅಂತ ಕೇಳುತ್ತಿದ್ದರು. ಈಗ ಗಾಡಿಯಿಂದ ಇಳಿಯುವ ಮೊದಲೇ "ಅಣ್ಣಾ, ಇ-ಖಾತೆ ಆಗಿದೆಯಾ? ಎ ನಾ, ಬಿ ನಾ?" ಅನ್ನುತ್ತಾರೆ. ಇ-ಖಾತೆ ಅಂದರೆ ಸ್ಥಳೀಯ ಸಂಸ್ಥೆಯ ತೆರಿಗೆ ಪುಸ್ತಕದಲ್ಲಿ ಸ್ವತ್ತಿಗೆ ಇರುವ ಆನ್‌ಲೈನ್ ದಾಖಲೆ; ಕ್ರಮಬದ್ಧವಾದದ್ದಕ್ಕೆ ಎ, ಅನಧಿಕೃತಕ್ಕೆ ಬಿ. ಜನ ಏಕಾಏಕಿ ಜಾಣರಾದರು ಅಂತಲ್ಲ. ಸೈಟಿನ ವಿಷಯದಲ್ಲಿ ಕೈ ಸುಟ್ಟುಕೊಂಡ ನೆಂಟರು ಮನೆಗೊಬ್ಬರಾದರೂ ಇದ್ದಾರೆ.

ಈ ಪ್ರಶ್ನೆಯ ಹಿಂದಿರುವುದು ರೆವಿನ್ಯೂ ಸೈಟು. ಪಹಣಿಯಲ್ಲಿ ಇನ್ನೂ ಹೊಲವಾಗಿಯೇ ಇರುವ, ಅಥವಾ ಕೃಷಿಯೇತರ ಬಳಕೆಗೆ ಕನ್ವರ್ಶನ್ ಆಗಿದ್ದರೂ ಲೇಔಟ್ ನಕ್ಷೆಗೆ ಮಂಜೂರಾತಿ ಇಲ್ಲದ ಜಮೀನನ್ನು ಕಲ್ಲು ನೆಟ್ಟು ಭಾಗ ಮಾಡಿ ಮಾರಿದ ನಿವೇಶನ. ಹಾಸನದ ಯಾವ ದಿಕ್ಕಿಗೆ ಹೋದರೂ, ಸಾಲಗಾಮೆ ರಸ್ತೆ, ಬೇಲೂರು ರಸ್ತೆ, ಬಿ.ಎಂ. ರಸ್ತೆ, ಊರು ಮುಗಿಯಿತು ಅನ್ನುವ ಕಡೆ ಇಂಥ ಲೇಔಟು ಶುರುವಾಗುತ್ತದೆ. ಇದನ್ನೆಲ್ಲ ಬ್ರೋಕರುಗಳ ಕಿತಾಪತಿ ಅಂತ ಬೈಯುವುದು ಸುಲಭ. ನಾನೂ ಒಬ್ಬ ಬ್ರೋಕರೇ, ನಮ್ಮವರ ಪಾಲೂ ಇಲ್ಲದಿಲ್ಲ. ಆದರೆ ಬೇರು ಬಹಳ ಹಿಂದಕ್ಕೆ ಹೋಗುತ್ತದೆ.

ದೇವರಾಜ ಅರಸು ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೇಣಿದಾರರು ಹಕ್ಕು ಕೋರುವ ಅರ್ಜಿ ಫಾರಂ 7 ಹಾಕಿ, ಭೂ ನ್ಯಾಯ ಮಂಡಳಿಯ ಮುಂದೆ ನಿಂತು, ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಇವತ್ತಿಗೂ ಒಂದು ಫೈಲಿನಲ್ಲಿ ಆ ಮಂಡಳಿಯ ಆದೇಶದ ಪ್ರತಿ ಕಂಡರೆ ನನಗೆ ನೆಮ್ಮದಿ. ಮೂಲ ಹಕ್ಕು ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಅದಕ್ಕಿಂತ ಚೊಕ್ಕ ಉತ್ತರ ಇನ್ನೊಂದಿಲ್ಲ. ಹಾಗೆ ಸಿಕ್ಕ ಜಮೀನನ್ನು ಆದೇಶವಾದ ದಿನದಿಂದ 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಎಪ್ಪತ್ತರ ದಶಕದ ಕೊನೆಗೆ, ಎಂಬತ್ತರ ಮೊದಲಿಗೆ ಬಂದ ಆದೇಶಗಳ ಗಡುವು ತೀರಿದ್ದು ತೊಂಬತ್ತರ ದಶಕದಲ್ಲಿ. ಅಷ್ಟು ಹೊತ್ತಿಗೆ ಒಬ್ಬರಿಗೆ ಮಂಜೂರಾದ ಜಮೀನು ಮೂರು ಮಕ್ಕಳಿಗೆ ಪಾಲಾಗಿತ್ತು, ಪೇಟೆಯೂ ಹತ್ತಿರ ಬಂದಿತ್ತು.

ಪೇಟೆ ಹತ್ತಿರ ಬರಲು ಕಾರಣಗಳು ಬೇಕಾದಷ್ಟಿದ್ದವು. 1960ರಲ್ಲೇ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಬಂದಿತ್ತು. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು, ಆಮೇಲೆ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಕೈಗಾರಿಕಾ ಪ್ರದೇಶ, ಮೆಡಿಕಲ್ ಕಾಲೇಜು ಸಾಲಾಗಿ ಬಂದವು. 2017ರಲ್ಲಿ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲೂ ಓಡಿತು. ಮಕ್ಕಳ ಓದಿಗೆ ಅಂತ ಸಕಲೇಶಪುರ, ಆಲೂರು ಕಡೆಯ ತೋಟದವರು ಇಲ್ಲೊಂದು ಮನೆ ಮಾಡತೊಡಗಿದರು. ಇತ್ತ ಹೊಲದ ಬದುಕು ಸೊರಗುತ್ತಿತ್ತು. ಒಂದು ಕಾಲಕ್ಕೆ ಹಾಸನ ಅಂದರೆ ಆಲೂಗಡ್ಡೆ. ಅಂಗಮಾರಿ ರೋಗ ಬಿದ್ದ ವರ್ಷಗಳಲ್ಲಿ ಬಿತ್ತನೆ ಗೆಡ್ಡೆಯ ಸಾಲವೂ ಹುಟ್ಟದೆ ಎಷ್ಟೋ ರೈತರು ಜೋಳಕ್ಕೆ ಹೋದರು, ಇಲ್ಲವೇ ಶುಂಠಿ ಬೆಳೆಯುವವರಿಗೆ ಗುತ್ತಿಗೆ ಕೊಟ್ಟರು. ಪೇಟೆ ಮಗ್ಗುಲಲ್ಲಿದ್ದವರಿಗೆ ಸೈಟು ಮಾಡುವ ದಾರಿಯೂ ಕಂಡಿತು.

ಆ ದಾರಿಯ ಲೆಕ್ಕ ಹೀಗಿದೆ. ಎಕರೆಗೆ 40 ಗುಂಟೆ, ಅಂದರೆ 43,560 ಚದರ ಅಡಿ. ಮೂವತ್ತು-ನಲವತ್ತರ ಸೈಟು 1,200 ಚದರ ಅಡಿ, ಗುಂಟೆಗಿಂತ ಒಂದಿಷ್ಟು ಜಾಸ್ತಿ. ಕ್ರಮವಾಗಿ ಮಾಡಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಡಿಸಿ ಕನ್ವರ್ಶನ್ ಆಗಬೇಕಿತ್ತು, ಆಮೇಲೆ ಹುಡಾದಲ್ಲೋ (ಹಾಸನ ನಗರಾಭಿವೃದ್ಧಿ ಪ್ರಾಧಿಕಾರ) ಟೌನ್ ಪ್ಲಾನಿಂಗ್‌ನಲ್ಲೋ ನಕ್ಷೆ ಮಂಜೂರಾಗಬೇಕಿತ್ತು. ರಸ್ತೆ, ಪಾರ್ಕು, ಸಾರ್ವಜನಿಕ ಸೌಕರ್ಯದ ಸಿಎ ನಿವೇಶನ ಅಂತ ಅರ್ಧದ ಹತ್ತಿರ ಜಾಗ ಹೋಗಿ, ಎಕರೆಗೆ ಇಪ್ಪತ್ತರ ಆಸುಪಾಸು ಸೈಟು ಉಳಿಯುತ್ತವೆ. ಚರಂಡಿ, ಕರೆಂಟು ಕಂಬ, ನೀರಿನ ಪೈಪು ಎಲ್ಲ ಜಮೀನಿನವರದೇ ಖರ್ಚು. ಇದ್ಯಾವುದೂ ಬೇಡ, ಇಪ್ಪತ್ತಡಿ ರಸ್ತೆ ಬಿಟ್ಟರೆ ಸಾಕು ಅಂದರೆ ಇಪ್ಪತ್ತಾರು-ಇಪ್ಪತ್ತೇಳು ಸೈಟು ಏಳುತ್ತವೆ. ಮಗಳ ಮದುವೆಗೆ ದುಡ್ಡು ಬೇಕಾಗಿ ಜಮೀನಿಗೆ ಕೈ ಹಾಕಿದವನು ಕಚೇರಿಯಿಂದ ಕಚೇರಿಗೆ ವರ್ಷಗಟ್ಟಲೆ ಅಲೆಯುತ್ತಾನೆಯೇ? ಕಲ್ಲು ನೆಟ್ಟ, ಮಾರಿದ.

ಕೊಳ್ಳುವವರಿಗೂ ಅವರದೇ ಇಕ್ಕಟ್ಟು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಇರುವತನಕ ಸಂಬಳದವರು, ವ್ಯಾಪಾರದವರು ಕೃಷಿ ಜಮೀನು ಕೊಳ್ಳುವುದು ಕಷ್ಟವಿತ್ತು. ಅವು ಹೋದದ್ದು 2020ರಲ್ಲಿ. ಅದಕ್ಕೆ ಮೊದಲು ಒಬ್ಬ ಮೇಷ್ಟ್ರಿಗೋ ಕಂಡಕ್ಟರಿಗೋ ಅಗ್ಗದ ಸೈಟು ಬೇಕು ಅಂದರೆ ಅಗ್ರಿಮೆಂಟು ಮತ್ತು ಜಿಪಿಎ (ಮಾಲೀಕನ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರಪತ್ರ) ಮೇಲೆ ವ್ಯವಹಾರ ಆಗುತ್ತಿತ್ತು. ಮಾಲೀಕ ತೀರಿಕೊಂಡರೆ ಆ ಜಿಪಿಎ ಕಾಗದಕ್ಕೆ ಏನು ಬೆಲೆ ಅಂತ ಯಾರೂ ಕೇಳುತ್ತಿರಲಿಲ್ಲ. ಜಿಪಿಎಯಿಂದ ಮಾಲೀಕತ್ವ ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಖಡಾಖಂಡಿತವಾಗಿ ಹೇಳಿದ ಮೇಲೆ ಹಳೆಯ ಕಾಗದ ಹಿಡಿದವರೆಲ್ಲ ಮೂಲ ಮಾಲೀಕರ ಮಕ್ಕಳನ್ನು ಹುಡುಕಿಕೊಂಡು ಹೊರಟರು. ಅವರು ಸುಮ್ಮನೆ ಸಹಿ ಹಾಕುತ್ತಾರೆಯೇ? ಆ ಹೊತ್ತಿಗೆ ರೇಟು ಏರಿತ್ತು.

ಉಳಿದದ್ದು ಪಂಚಾಯ್ತಿ ಖಾತೆ. ಗ್ರಾಮಠಾಣಾ, ಅಂದರೆ ಹಳ್ಳಿಯ ವಾಸದ ಎಲ್ಲೆ, ಅದರ ಒಳಗಿನ ಮನೆಗಳಿಗೆ ಕಂದಾಯ ಹಾಕಲು ಇದ್ದ ಪುಸ್ತಕದಲ್ಲಿ ಹೊಲದ ಸೈಟುಗಳೂ ನಂಬರು ಹಿಡಿದು ಕೂತವು. ಕಂದಾಯ ಕಟ್ಟಿದ ರಸೀದಿಯನ್ನೇ ಹಕ್ಕುಪತ್ರ ಅಂತ ಜನ ನಂಬಿದರು, ನಮ್ಮವರು ನಂಬಿಸಿದರು. 2013ರ ಸುಮಾರಿಗೆ ಪಂಚಾಯ್ತಿ ಸ್ವತ್ತುಗಳ ಆನ್‌ಲೈನ್ ದಾಖಲೆ ಇ-ಸ್ವತ್ತು ಬಂದು ಈ ಆಟಕ್ಕೆ ಕಡಿವಾಣ ಬಿತ್ತು. ಕ್ರಮಬದ್ಧ ಸ್ವತ್ತಿಗೆ ಫಾರಂ 9, ಉಳಿದದ್ದಕ್ಕೆ 11ಬಿ ಅಂತ ಬೇರೆಬೇರೆಯಾದವು. ಎಷ್ಟೋ ಲೇಔಟುಗಳಲ್ಲಿ ಮಾರಾಟ ಅಲ್ಲಿಗೇ ನಿಂತಿತು.

ನಿಂತ ಮಾರಾಟಕ್ಕೆ ಜೀವ ಕೊಡುತ್ತಿದ್ದ ಮಾತು ಒಂದೇ: "ಇವತ್ತಲ್ಲ ನಾಳೆ ಸಕ್ರಮ ಆಗುತ್ತೆ ಬಿಡಿ ಸಾರ್." ಅನಧಿಕೃತ ಕಟ್ಟಡ, ಬಡಾವಣೆಗಳನ್ನು ದಂಡ ಕಟ್ಟಿಸಿಕೊಂಡು ಒಪ್ಪುವ ಅಕ್ರಮ-ಸಕ್ರಮದ ತಿದ್ದುಪಡಿ ಬಂದದ್ದು 2007ರಲ್ಲಿ. ನಿಯಮಗಳು 2014ರಲ್ಲಿ ಹೊರಬಿದ್ದವು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಒಪ್ಪಿತು, ತಿಂಗಳು ಕಳೆಯುವಷ್ಟರಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ನಗರದ ಸೈಟಿನವರು ಆಡುತ್ತಿದ್ದದ್ದು ಈ ಸಕ್ರಮದ ಮಾತು. ಬಗರ್‌ಹುಕುಂ ಅನ್ನುವ ಸರ್ಕಾರಿ ಜಮೀನಿನ ಸಾಗುವಳಿಯ ಸಕ್ರಮ ಬೇರೆ, ಸರ್ಕಾರಿ ಜಾಗದ ಮನೆಗಳಿಗೆ ಕೊಡುವ 94ಸಿ ಬೇರೆ. ಮೂರನ್ನೂ ಒಂದೇ ಮಾಡಿ ಹೇಳುವವರ ಹತ್ತಿರ ಅಡ್ವಾನ್ಸ್ ಕೊಡಬೇಡಿ. ನನ್ನ ಲೆಕ್ಕದಲ್ಲಿ ಅಕ್ರಮ ಲೇಔಟುಗಳನ್ನು ಬೆಳೆಸಿದ್ದು ಕಾನೂನಿನ ಬಿಗಿಗಿಂತ ಹೆಚ್ಚಾಗಿ ಈ ಆಸೆ. ಸಕ್ರಮ ಆಗಿಯೇ ಆಗುತ್ತೆ ಅನ್ನುವ ಧೈರ್ಯ ಇದ್ದರೆ ಪಾರ್ಕಿಗೆ ಜಾಗ ಬಿಡುವವನು ದಡ್ಡ ಅನ್ನಿಸಿಕೊಳ್ಳುತ್ತಾನೆ.

ಕಾಗದದ ಇನ್ನೊಂದು ತೊಡಕು ಮನೆಯೊಳಗಿನದು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ, ಕರ್ನಾಟಕ ಸಮಪಾಲು ಕೊಟ್ಟಿತು. ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಹೋಯಿತು. ತಿದ್ದುಪಡಿ ಬಂದ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ಬಗೆಹರಿಸಿ, ಬೇಕಿಲ್ಲ ಎಂದಿತು. ಅಣ್ಣತಮ್ಮಂದಿರಷ್ಟೇ ಸಹಿ ಹಾಕಿ ಮಾರಿದ ಲೇಔಟುಗಳ ಮೇಲೆ ಅಕ್ಕತಂಗಿಯರ ದಾವೆ ಬಿದ್ದದ್ದು ಹೀಗೆ. ಅವರು ಕೇಳಿದ್ದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. "ನಮ್ಮಕ್ಕ ಬಾಗಿನಕ್ಕೆ ಬಂದಾಗ ಸಹಿ ಹಾಕ್ತಾಳೆ ಕಣಣ್ಣ, ನೀವು ಅಡ್ವಾನ್ಸ್ ಕೊಡಿಸಿ" ಅನ್ನುವ ತಮ್ಮಂದಿರ ಜಮೀನಿಗೆ ನಾನು ಕೊಳ್ಳುವ ಪಾರ್ಟಿ ಕರೆದುಕೊಂಡು ಹೋಗುವುದಿಲ್ಲ. ವಂಶವೃಕ್ಷ ಮೊದಲು, ಅಡ್ವಾನ್ಸ್ ಆಮೇಲೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ ಅಂಥ ಜಮೀನಿನ ಪರಭಾರೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಹಿಂದಿರುಗಿ ಕೇಳಲು ಕಾಲಮಿತಿ ಇಲ್ಲ ಎಂದು 2023ರ ತಿದ್ದುಪಡಿಯಲ್ಲಿ ಸ್ಪಷ್ಟ ಮಾಡಿದ್ದಾರೆ.

ಇಷ್ಟೆಲ್ಲದರ ನಡುವೆ ಅಲ್ಲಿ ಸಂಸಾರಗಳು ನಡೆಯುತ್ತಿವೆ. ಒಂದು ಲೇಔಟನ್ನೇ ನೋಡಿ. ಮಾರುವಾಗ ಇಪ್ಪತ್ತಡಿ ಅಂದ ರಸ್ತೆಗೆ ಎರಡೂ ಕಡೆಯಿಂದ ಮೆಟ್ಟಿಲು, ಬೈಕ್ ಹತ್ತಿಸುವ ಇಳಿಜಾರು, ನೀರಿನ ಸಂಪು, ಕರಿಬೇವಿನ ಗಿಡ ಚಾಚಿಕೊಂಡು ಗ್ಯಾಸ್ ಗಾಡಿ ಹಿಮ್ಮುಖವಾಗಿಯೇ ಬರಬೇಕು. ಮೋರಿ ಏಳು ಮನೆ ದಾಟಿ ಒಂದು ಖಾಲಿ ಸೈಟಿನಲ್ಲಿ ನಿಲ್ಲುತ್ತದೆ. ಸೈಟಿನವರು ಬೆಂಗಳೂರಲ್ಲಿದ್ದಾರೆ, ಫೋನ್ ಎತ್ತುವುದಿಲ್ಲ. ಪಂಚಾಯ್ತಿ ಮಹಾನಗರ ಪಾಲಿಕೆ ಕಡೆ ಕೈ ತೋರಿಸುತ್ತದೆ, ಪಾಲಿಕೆ ಹುಡಾ ಕಡೆ. ಹಾಗಾಗಿ ಮಳೆಗಾಲಕ್ಕೆ ಮುಂಚೆ ಮನೆಮನೆಗೆ ಹೋಗಿ ದುಡ್ಡೆತ್ತಿ ಜಲ್ಲಿ ಹೊಡೆಸುತ್ತಾರೆ. ಬೀದಿಯ ಎಲ್ಲ ಹೆಂಗಸರಿಗೂ ಒಬ್ಬರಿಗೊಬ್ಬರ ಗುರುತಿದೆ, ಟ್ಯಾಂಕರ್ ಬಂದಾಗ ಪೈಪು ಹಿಡಿಯಲು ಒಬ್ಬರಿಗೊಬ್ಬರು ಬೇಕು. ಗಣಪತಿ ಕೂರಿಸುವುದು ಅದೇ ಖಾಲಿ ಸೈಟಿನ ಒಣ ಭಾಗದಲ್ಲಿ.

ಮಂಜೂರಾದ ಬಡಾವಣೆಗೆ ಬನ್ನಿ. ರಸ್ತೆ ಅಗಲ, ಕಂಬಕ್ಕೊಂದು ದೀಪ, ಪಾರ್ಕಿಗೆ ಬೇಲಿ. ಸೈಟುಗಳಲ್ಲಿ ಮಾತ್ರ ಪಾರ್ಥೇನಿಯಂ. ಕೊಂಡವರು ಕಟ್ಟಲು ಕೊಂಡವರಲ್ಲ, ದುಡ್ಡು ಇಡಲು ಕೊಂಡವರು. ಇದ್ದ ನಾಲ್ಕು ಮನೆಯವರು ಹಾವಿನ ಭಯಕ್ಕೆ ಸಂಜೆ ಬಾಗಿಲು ಹಾಕಿಕೊಳ್ಳುತ್ತಾರೆ. ಮನೆ ಕಟ್ಟಿ ಬಾಳಲೇಬೇಕಾದವರ ಕೈಗೆ ಎಟುಕಿದ್ದು ರೆವಿನ್ಯೂ ಸೈಟು, ಕಾಗದ ಸರಿಯಿದ್ದ ಸೈಟು ಉಳಿತಾಯವುಳ್ಳವರ ಪಾಲಾಯಿತು. ನಮ್ಮೂರಿನಲ್ಲಿ ಜನ ಒಂದು ಕಡೆ, ಸೌಕರ್ಯ ಇನ್ನೊಂದು ಕಡೆ ಆಗಿರುವುದು ಈ ಕಾರಣಕ್ಕೆ. ಕಷ್ಟದಲ್ಲಿ ಒಗ್ಗಟ್ಟಿದೆ ಅಂತ ರೆವಿನ್ಯೂ ಲೇಔಟನ್ನು ಹೊಗಳುವವರೂ ಇದ್ದಾರೆ. ಮಳೆಗಾಲದಲ್ಲಿ ಒಂದು ವಾರ ಅಲ್ಲಿದ್ದು ಬಂದು ಆಮೇಲೆ ಹೊಗಳಲಿ.

ರಿಯಲ್ ಎಸ್ಟೇಟ್ ನಿಯಂತ್ರಿಸುವ 2016ರ ರೇರಾ ಕಾಯ್ದೆ ನಮ್ಮಂಥ ಏಜೆಂಟರಿಗೂ ನೋಂದಣಿ ಕಡ್ಡಾಯ ಮಾಡಿತು, 500 ಚದರ ಮೀಟರಿಗಿಂತ ದೊಡ್ಡ ಲೇಔಟು ನೋಂದಣಿಯಾಗದೆ ಮಾರಾಟಕ್ಕಿಡುವಂತಿಲ್ಲ ಎಂದಿತು. ಒಂದೆಕರೆ ಅಂದರೇ ನಾಲ್ಕು ಸಾವಿರ ಚದರ ಮೀಟರ್. ಮಂಜೂರಾತಿಯೇ ಇಲ್ಲದ ಲೇಔಟು ನೋಂದಣಿಗೆ ಹೋಗುವ ಮಾತೇ ಇಲ್ಲ. ಅವು ಈಗಲೂ ಟೀ ಅಂಗಡಿ ಮುಂದೆ, ಫೋನಿನಲ್ಲಿ ನಕ್ಷೆ ತೋರಿಸಿ ಮಾರಾಟವಾಗುತ್ತವೆ.

2024ರ ಅಕ್ಟೋಬರಿನಿಂದ ಇ-ಖಾತೆ ಇಲ್ಲದೆ ಸ್ವತ್ತಿನ ನೋಂದಣಿ ಇಲ್ಲ ಎಂದಾಯಿತು. 2025ರಲ್ಲಿ ನಗರ ಪ್ರದೇಶಗಳ ಅನಧಿಕೃತ ಬಡಾವಣೆಗಳಿಗೆ ಬಿ-ಖಾತೆ ಕೊಡುವ ಅಭಿಯಾನ ಶುರುವಾಯಿತು.  ಬಿ-ಖಾತೆ ಸಿಕ್ಕಿದ ದಿನ ಸಿಹಿ ಹಂಚಿದವರನ್ನು ನೋಡಿದ್ದೇನೆ. ಅದರಿಂದ ಸ್ವತ್ತಿಗೆ ಲೆಕ್ಕದಲ್ಲಿ ಒಂದು ಜಾಗ ಸಿಗುತ್ತದೆ, ತೆರಿಗೆ ಕಟ್ಟಬಹುದು. ಬಡಾವಣೆ ಮಂಜೂರಾದ ಹಾಗಲ್ಲ. ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಅದನ್ನೇ ಹೇಳಿ ಫೈಲು ವಾಪಸ್ ಕೊಡುತ್ತಾರೆ.

ಖಾತೆಯ ಗಲಾಟೆಯಲ್ಲಿ ಯಾರೂ ಕೇಳದ ಒಂದು ಪ್ರಶ್ನೆ ರಸ್ತೆಯದು. ಮಂಜೂರಾದ ಬಡಾವಣೆಯಲ್ಲಿ ರಸ್ತೆ, ಪಾರ್ಕಿನ ಜಾಗವನ್ನು ಮಾಲೀಕ ಸ್ಥಳೀಯ ಸಂಸ್ಥೆಗೆ ಬರೆದುಕೊಟ್ಟಿರುತ್ತಾನೆ. ರೆವಿನ್ಯೂ ಲೇಔಟಿನಲ್ಲಿ ಸೈಟು ಮಾರಿ ಉಳಿದ ಆ ರಸ್ತೆ ಜಾಗ ಸಾಮಾನ್ಯವಾಗಿ ಪಹಣಿಯಲ್ಲಿ ಮೂಲ ಮಾಲೀಕನ ಹೆಸರಲ್ಲೇ ಇರುತ್ತದೆ. ಅಲ್ಲಿ ಸರ್ಕಾರದ ದುಡ್ಡಿನಲ್ಲಿ ಡಾಂಬರು ಹಾಕಿಸಲು ಹೋದರೆ ಖಾಸಗಿ ಜಾಗ ಅನ್ನುತ್ತಾರೆ. ಮೊಮ್ಮಗ ಬಂದು ಬೇಲಿ ಹಾಕಿದರೆ ಖಾತೆ ಎ ಆದರೇನು, ಬಿ ಆದರೇನು, ಮನೆಗೆ ದಾರಿ ಇಲ್ಲ. ಸೈಟು ಕೊಳ್ಳುವವರು ಆ ಸರ್ವೆ ನಂಬರಿನ ಪಹಣಿ ತೆಗೆಸಿ, ಇನ್ನೂ ಎಷ್ಟು ಗುಂಟೆ ಮೂಲದವರ ಹೆಸರಲ್ಲಿ ಉಳಿದಿದೆ ನೋಡಲಿ. ಈಗಾಗಲೇ ಕೊಂಡು ಕೂತವರು, ಮಾರಿದ ಯಜಮಾನರು ಗಟ್ಟಿಮುಟ್ಟಾಗಿರುವಾಗಲೇ ಬೀದಿಯವರೆಲ್ಲ ಒಟ್ಟಾಗಿ ಹೋಗಿ, ಆ ರಸ್ತೆ ಜಾಗವನ್ನು ಪಂಚಾಯ್ತಿಗೋ ಪಾಲಿಕೆಗೋ ಬರೆಸಿಕೊಡಲಿ.