ಹದಿನೆಂಟಕ್ಕೆ ಇಟ್ಟ ಮಾತ್ರಕ್ಕೆ ಬೇಗ ತಣ್ಣಗಾಗುವುದಿಲ್ಲ

ಲೆಕ್ಕಪರಿಶೋಧಕರು, ವಕೀಲರು, ವಾಸ್ತುಶಿಲ್ಪಿಗಳು ನನ್ನಂಥ ವಿದ್ಯುತ್ ಪರಿಶೋಧಕನನ್ನು ಕರೆಸುವುದು ಸಾಮಾನ್ಯವಾಗಿ ಏಪ್ರಿಲ್ ತಿಂಗಳ ಬಿಲ್ಲು ಕೈಸೇರಿದ ಮೇಲೆ. ಒಳಗೆ ಕಾಲಿಟ್ಟೊಡನೆ ಅವರು ತೋರಿಸುವುದು ಪ್ರಿಂಟರಿನ ಮೇಲೆ ಅಂಟಿಸಿರುವ ‘ಕಾಗದ ಉಳಿಸಿ’ ಎಂಬ ಚೀಟಿಯನ್ನು. ನಾನು ನೋಡುವುದು ಕುರ್ಚಿಗಳ ಬೆನ್ನನ್ನು. ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ಕುರ್ಚಿಯ ಬೆನ್ನಿಗೆ ಶಾಲು, ಸ್ವೆಟರ್‌ಗಳು ತೂಗಾಡುತ್ತಿದ್ದರೆ, ಮೀಟರ್ ಹೊರತೆಗೆಯುವ ಮೊದಲೇ ನನ್ನ ವರದಿಯ ಅರ್ಧ ಭಾಗ ಸಿದ್ಧವಾದಂತೆ. ಎಸಿಯನ್ನು 18 ಡಿಗ್ರಿಗೆ ಇಟ್ಟರೆ ಕೋಣೆ ಬೇಗ ತಣ್ಣಗಾಗುತ್ತದೆ ಎಂದು ಅಲ್ಲಿನವರು ನಂಬಿರುತ್ತಾರೆ.

ಕಾಗದದ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸುಪ್ರೀಂ ಕೋರ್ಟೇ 2020ರ ಏಪ್ರಿಲ್‌ನಿಂದ ಎ4 ಹಾಳೆಯ ಎರಡೂ ಬದಿಯ ಮುದ್ರಣಕ್ಕೆ ಬದಲಾದದ್ದು ವಕೀಲರ ಕಚೇರಿಗಳಿಗೆ ದೊಡ್ಡ ಉಪಕಾರವಾಯಿತು. ಆದರೆ ಪ್ರಮಾಣಗಳನ್ನು ಒಮ್ಮೆ ಹೋಲಿಸಿ ನೋಡಬೇಕು. 500 ಹಾಳೆಗಳ ಒಂದು ರೀಮಿನ ತೂಕ ಸುಮಾರು 2.3 ಕಿಲೋ. ತಿಂಗಳಿಗೆ 20 ರೀಮು ಬಳಸುವ ಕಚೇರಿಯಲ್ಲಿ, ಕಾಗದದ ತೂಕದ ಮೂರು ಪಟ್ಟು ಇಂಗಾಲದ ಡೈಆಕ್ಸೈಡ್ ಎಂದು ಉದಾರವಾಗಿಯೇ ಹಿಡಿದರೂ 140 ಕಿಲೋ ಆಗುತ್ತದೆ. ಅದೇ ಕಚೇರಿಯ ಐದು ಎಸಿಗಳು ದಿನಕ್ಕೆ ತಲಾ 10 ಯೂನಿಟ್‌ನಂತೆ 25 ದಿನ ನಡೆದರೆ 1,250 ಯೂನಿಟ್. ದೇಶದ ಗ್ರಿಡ್ಡಿನ ಸರಾಸರಿಯಾದ ಯೂನಿಟ್‌ಗೆ ಸುಮಾರು 0.7 ಕಿಲೋ ಲೆಕ್ಕದಲ್ಲಿ ಅದು 875 ಕಿಲೋ ಇಂಗಾಲದ ಡೈಆಕ್ಸೈಡ್. ಪಾವಗಡದ ಸೌರವಿದ್ಯುತ್ ಇರುವಾಗ ನಮ್ಮ ರಾಜ್ಯದ ವಿದ್ಯುತ್ತು ಶುದ್ಧವಲ್ಲವೇ ಎಂದು ಕೇಳುವವರಿದ್ದಾರೆ. ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಘಟಕಗಳ ವಿದ್ಯುತ್ತೂ ಹರಿಯುವುದು ಅದೇ ತಂತಿಗಳಲ್ಲಿ.

ಇನ್ನು ನಾನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಇಳಿಯದ ವಿಷಯಕ್ಕೆ ಬರುತ್ತೇನೆ. ರಿಮೋಟಿನಲ್ಲಿ ಕಾಣುವ ಸಂಖ್ಯೆ ವೇಗವಲ್ಲ. ಅದು ಯಂತ್ರಕ್ಕೆ ಎಲ್ಲಿ ನಿಲ್ಲಬೇಕೆಂದು ಹೇಳುವ ಗುರುತು. ನಿಮ್ಮ ಮನೆಯ ಮೇಲಿನ ನೀರಿನ ಟ್ಯಾಂಕನ್ನು ನೆನೆದುಕೊಳ್ಳಿ. ಅದರೊಳಗಿನ ಫ್ಲೋಟ್ ಸ್ವಿಚ್ಚನ್ನು ಇನ್ನೂ ಎತ್ತರಕ್ಕೆ ಕಟ್ಟಿದರೆ ಸಂಪಿನಿಂದ ನೀರು ಬೇಗ ಏರುತ್ತದೆಯೇ? ಮೋಟರು ಎತ್ತುವಷ್ಟನ್ನೇ ಎತ್ತುತ್ತದೆ, ನಿಲ್ಲುವುದು ಮಾತ್ರ ತಡವಾಗುತ್ತದೆ. ಹೊರಗಿನಿಂದ ಬೆವರುತ್ತಾ ಬಂದವರು 18ಕ್ಕೆ ಒತ್ತಿದಾಗಲೂ ಆಗುವುದು ಇಷ್ಟೇ: 30 ಡಿಗ್ರಿಯ ಕೋಣೆ 24ಕ್ಕೆ ಇಳಿಯಲು ಬೇಕಾಗುವ ಹೊತ್ತು ಬದಲಾಗುವುದಿಲ್ಲ, 24 ದಾಟಿದ ಮೇಲೂ ಕಂಪ್ರೆಸರ್ ದುಡಿಯುತ್ತಲೇ ಇರುತ್ತದೆ, ಮತ್ತು ಹಲವು ಕೋಣೆಗಳು ಸಂಜೆಯವರೆಗೂ 18ನ್ನು ಮುಟ್ಟದ ಕಾರಣ ಅದು ವಿರಾಮವನ್ನೇ ಕಾಣುವುದಿಲ್ಲ. ಇನ್ವರ್ಟರ್ ಎಂಬ ಬಗೆಯ ಎಸಿಗಳಲ್ಲಿ ಗುರಿ ಸಮೀಪಿಸಿದಂತೆ ವೇಗ ತಗ್ಗುವುದರಿಂದ, ಕೊನೆಯ ಒಂದೆರಡು ಡಿಗ್ರಿಗಳಲ್ಲಿ ಅಲ್ಪ ವ್ಯತ್ಯಾಸ ಇರಬಹುದೆಂಬುದನ್ನು ಒಪ್ಪುತ್ತೇನೆ. ಅದು ಗಡಿಯಾರದಲ್ಲಿ ಕೆಲವು ನಿಮಿಷಗಳ ಮಾತು, ಬಿಲ್ಲಿನಲ್ಲಿ ಇಡೀ ದಿನದ ಮಾತು.

‘ಹಾಗಾದರೆ ಮೊದಲು 18ಕ್ಕಿಟ್ಟು, ತಣ್ಣಗಾದ ಮೇಲೆ 24ಕ್ಕೆ ಏರಿಸಿದರೆ ಆಯಿತಲ್ಲ ಸಾರ್?’ ಎಂಬುದು ಮರುಕ್ಷಣದ ಪ್ರಶ್ನೆ. ಹದಿನೈದು ವರ್ಷಗಳಲ್ಲಿ ಹಾಗೆ ಏರಿಸಿದವರನ್ನು ನಾನು ಕಂಡಿಲ್ಲ. ಅವರು ಏರಿಸುವ ಬದಲು ಶಾಲು ಹೊದೆಯುತ್ತಾರೆ.

ಇಂಧನ ದಕ್ಷತಾ ಬ್ಯೂರೋದ ನಿಯಮದಂತೆ 2020ರ ಜನವರಿ 1ರಿಂದ ಸ್ಟಾರ್ ಗುರುತಿನ ಎಸಿಗಳು 24 ಡಿಗ್ರಿಯನ್ನೇ ಪೂರ್ವನಿಗದಿಯಾಗಿ ಹೊತ್ತು ಕಾರ್ಖಾನೆಯಿಂದ ಬರುತ್ತವೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂಬುದು ಅದೇ ಬ್ಯೂರೋ ಹೇಳುವ ಅಂದಾಜು. ಲೆಕ್ಕಪರಿಶೋಧಕ ಮಿತ್ರರು ಕೂಡಲೇ 18ರಿಂದ 24ಕ್ಕೆ ಆರು ಡಿಗ್ರಿ, ಆರಾರಲಿ ಮೂವತ್ತಾರು ಎಂದು ಗುಣಿಸಿ ನನ್ನ ಮುಖ ನೋಡುತ್ತಾರೆ. ದಯವಿಟ್ಟು ಹಾಗೆ ಗುಣಿಸಬೇಡಿ. ಪಶ್ಚಿಮದ ಗಾಜಿನ ಗೋಡೆ, ಸದಾ ತೆರೆದಿರುವ ಬಾಗಿಲು, ಧೂಳು ತುಂಬಿದ ಫಿಲ್ಟರ್ ಇವೆಲ್ಲ ಆ ಅಂದಾಜನ್ನು ಅತ್ತಿತ್ತ ಎಳೆಯುತ್ತವೆ. ಅಳೆಯದೆ ನಾನು ಯಾರಿಗೂ ಶೇಕಡಾವಾರು ಬರೆದುಕೊಡುವುದಿಲ್ಲ. ಸೀಲಿಂಗ್ ಫ್ಯಾನನ್ನು ನಿಧಾನವಾಗಿ ತಿರುಗಲು ಬಿಟ್ಟು ಎಸಿಯನ್ನು 26ಕ್ಕೆ ಇಟ್ಟರೆ ಹೆಚ್ಚಿನವರಿಗೆ ಹಿತವಾಗಿಯೇ ಇರುತ್ತದೆ ಎಂಬುದನ್ನಷ್ಟೇ ಧೈರ್ಯವಾಗಿ ಹೇಳಬಲ್ಲೆ.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಮಾತು, ‘ಪ್ರತಿವರ್ಷ ತಪ್ಪದೆ ಗ್ಯಾಸ್ ತುಂಬಿಸುತ್ತೇವೆ’ ಎಂಬುದು. ಎಸಿಯ ಗ್ಯಾಸು ಅಡುಗೆಮನೆಯ ಸಿಲಿಂಡರಿನದರಂತೆ ಉರಿದು ಖಾಲಿಯಾಗುವಂಥದ್ದಲ್ಲ. ತುಂಬಿಸಬೇಕಾಯಿತೆಂದರೆ ಎಲ್ಲೋ ಸೋರುತ್ತಿದೆ ಎಂದರ್ಥ. ಹಲವು ಎಸಿಗಳಲ್ಲಿ ತುಂಬಿರುವ ಆರ್-410ಎ ಅನಿಲದ ಒಂದು ಕಿಲೋ ಗಾಳಿಗೆ ಸೇರಿದರೆ ಭೂಮಿಯನ್ನು ಬಿಸಿಯೇರಿಸುವುದರಲ್ಲಿ ಅದು ಎರಡು ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಮೇಲೆ ಹೇಳಿದ ಕಚೇರಿಯ ಎರಡು ತಿಂಗಳ ಎಸಿ ವಿದ್ಯುತ್ತಿಗಿಂತ ಅದು ಹೆಚ್ಚು! ಮೆಕ್ಯಾನಿಕ್ ಬಂದಾಗ ಮೊದಲು ಸೋರಿಕೆ ಹುಡುಕಿಸಿ, ಬೆಸುಗೆ ಹಾಕಿಸಿ, ಆಮೇಲೆ ತುಂಬಿಸಿ.

ಬಸವನಗುಡಿಯ ಹಳೆಯ ಹೆಂಚಿನ ಮನೆಯೊಂದರಲ್ಲಿದ್ದ ಲೆಕ್ಕಪರಿಶೋಧಕರ ಕಚೇರಿಯನ್ನು ಮರೆಯಲಾರೆ. ಎತ್ತರದ ಮಾಳಿಗೆ, ಎದುರುಬದುರು ಕಿಟಕಿ, ಅಂಗಳದಲ್ಲಿ ಹೊಂಗೆಮರ ಇದ್ದ ಆ ಮನೆಗೆ ವರ್ಷದ ಒಂಬತ್ತು ತಿಂಗಳು ಎಸಿಯೇ ಬೇಕಿರಲಿಲ್ಲ. ಆದರೆ ಕಿಟಕಿಗಳಿಗೆಲ್ಲ ಅಡ್ಡವಾಗಿ ಕಡತಗಳ ಬೀರು ನಿಲ್ಲಿಸಿ ನಾಲ್ಕು ಎಸಿ ಹಾಕಿಸಿದ್ದರು. ಜುಲೈ ಕೊನೆಯ ರಿಟರ್ನ್ಸ್ ಗಡಿಬಿಡಿಯಲ್ಲಿ ಹೊರಗೆ ಜಿಟಿಜಿಟಿ ಮಳೆ, ಒಳಗೆ 18 ಡಿಗ್ರಿ. ಕಾಫಿ ತಂದ ಅಟೆಂಡರ್ ಅಮ್ಮ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ‘ಇವರಿಗೆ ಚಳಿಯಾದರೆ ಆರಿಸೋದು ಗೊತ್ತಿಲ್ಲ ಸಾರ್, ನನ್ನ ಕೈಗೆ ರಿಮೋಟ್ ಕೊಡಲ್ಲ’ ಎಂದರು.

ನನ್ನ ವರದಿಯಲ್ಲಿ ಹೊಸ ಯಂತ್ರ ಕೊಳ್ಳುವ ಸಲಹೆ ಒಂದೂ ಇರಲಿಲ್ಲ. ಎರಡು ಬೀರುಗಳನ್ನು ಒಳಗೋಡೆಗೆ ಸರಿಸುವುದು, ಫಿಲ್ಟರ್ ತೊಳೆಯುವುದು, ರಿಮೋಟುಗಳನ್ನು ಆ ಅಮ್ಮನ ವಶಕ್ಕೆ ಕೊಡುವುದು, ಇಷ್ಟನ್ನು ಬರೆದಿದ್ದೆ. ಮುಂದಿನ ಮಾರ್ಚ್‌ನಲ್ಲಿ ಹೋದಾಗ ಹೊರಕೋಣೆಯ ಕಿಟಕಿಗಳು ತೆರೆದಿದ್ದವು, ಫ್ಯಾನ್ ತಿರುಗುತ್ತಿತ್ತು, ಕುರ್ಚಿಗಳ ಮೇಲೆ ಶಾಲುಗಳಿರಲಿಲ್ಲ. ಹಿರಿಯರ ಕೋಣೆಯ ಎಸಿ ಮಾತ್ರ 18ರಲ್ಲೇ ಇತ್ತು. ಆ ಒಂದು ರಿಮೋಟನ್ನು ಕೇಳುವ ಧೈರ್ಯ ತಮಗೆ ಬಂದಿಲ್ಲವೆಂದು ಅಮ್ಮ ಕಣ್ಣಲ್ಲೇ ಹೇಳಿದರು. ಶುಲ್ಕದ ಚೆಕ್ ಇನ್ನೂ ಬಾಕಿ ಇದ್ದುದರಿಂದ ನನಗೂ ಬರಲಿಲ್ಲ.